ಅತಿಥಿ ಕೋಣೆಯ ಲೆಕ್ಕ ಯಾರ ಹೆಸರಿಗೆ?



ಹಿಂದಿನ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ವಿಷಯ ಬರೆಯುತ್ತಾ ಕೊನೆಗೆ ಸುಮ್ಮನೆ ಒಂದು ಮಾತು ಸೇರಿಸಿದ್ದೆ. ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗೆ ಇಳಿದಿದ್ದ ಬೆಂಗಳೂರಿನವರು ಹೊರಡುವಾಗ ಎರಡು ಡಬ್ಬ ಹಪ್ಪಳ ಕೊಂಡುಹೋದರು ಎಂದು. ಹಪ್ಪಳದ ಬಗ್ಗೆ ಒಂದೇ ಒಂದು ಪತ್ರ ಬರಲಿಲ್ಲ ಮಾರಾಯ್ರೇ! ಬಂದದ್ದೆಲ್ಲ ಮಾಳಿಗೆಯ ಬಗ್ಗೆ. ಕಾರ್ಕಳದ ಕಡೆಯ ಒಬ್ಬ ಸೋದರಿ ಬರೆದಿದ್ದಾರೆ: ‘ನಮ್ಮಲ್ಲೂ ಎರಡು ಕೋಣೆ ಖಾಲಿ ಉಂಟು. ಮಕ್ಕಳು ಹೊರಗೆ ಹೋದ ಮೇಲೆ ಬೀಗ ಹಾಕಿಟ್ಟಿದ್ದೇವೆ. ದಿನದ ಬಾಡಿಗೆಗೆ ಕೊಡುವ ಎಂದರೆ ಯಜಮಾನರು ತೆರಿಗೆಯ ಹೆದರಿಕೆ ಹೇಳುತ್ತಾರೆ. ನೀವು ಹೇಗೆ ಮಾಡಿದಿರಿ?’

ಹೇಗೆ ಮಾಡಿದೆವು ಎಂದು ಹೇಳುವ ಮೊದಲು, ಹೇಗೆ ತಪ್ಪು ಮಾಡಿದೆವು ಎಂದು ಹೇಳುವುದೇ ಒಳ್ಳೆಯದು. ಐವತ್ತೊಂದು ಸಾವಿರ ರೂಪಾಯಿ ದಂಡ ತೆತ್ತು ಕಲಿತ ಪಾಠ, ನಿಮಗೆ ಪುಕ್ಕಟೆ ಸಿಗುವುದಾದರೆ ಬೇಡ ಎನ್ನಬೇಡಿ.

ನಮ್ಮ ಪಡುಬಿದ್ರಿ ಮೊದಲು ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಊರು ಅಷ್ಟೇ. ಮಂಗಳೂರಿನಿಂದ ಉಡುಪಿಗೆ ಹೋಗುವವರು ಕಿಟಕಿಯಿಂದ ನೋಡುತ್ತಿದ್ದರು, ಕಾರ್ಕಳಕ್ಕೆ ಹೋಗುವವರು ಇಳಿದು ಬಸ್ಸು ಬದಲಿಸುತ್ತಿದ್ದರು. ಢಕ್ಕೆಬಲಿಯ ಹೊತ್ತಿಗೆ ನೆಂಟರು ಬಂದರೆ ಉಂಟು. 2020ರ ಅಕ್ಟೋಬರಿನಲ್ಲಿ ನಮ್ಮ ಕಡಲ ಕರೆಗೆ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ಸಲ ಇಡೀ ಭಾರತದಲ್ಲಿ ಸಿಕ್ಕಿದ್ದು ಎಂಟೇ ಕಡಲತೀರಗಳಿಗೆ, ಕರ್ನಾಟಕದಲ್ಲಿ ಹೊನ್ನಾವರದ ಹತ್ತಿರದ ಕಾಸರಕೋಡು ಮತ್ತು ನಮ್ಮದು. ಅಲ್ಲಿಂದ ಶುರುವಾಯಿತು ನೋಡಿ. ಶನಿವಾರ ಬಂತೆಂದರೆ ಕಾರುಗಳು. ಕೃಷ್ಣಮಠಕ್ಕೆ ಬಂದವರು, ಮಣಿಪಾಲದಲ್ಲಿ ಮಕ್ಕಳನ್ನು ಕಾಲೇಜಿಗೆ ಬಿಡಲು ಬಂದವರು, ಕಾಪು ದೀಪಸ್ತಂಭ ನೋಡಿ ಕತ್ತಲಾದವರು, ಎಲ್ಲರೂ ‘ಹೋಟೆಲು ಬೇಡ, ಮನೆಯ ಹಾಗೆ ಇದ್ದರೆ ಸಾಕು’ ಎಂದು ಕೇಳುವವರೇ.

ನಮ್ಮ ಮನೆ ಅತ್ತೆಯವರದ್ದು. ಅವರಿಗೆ ಅವರ ತಾಯಿಯಿಂದ ಬಂದದ್ದು. ಮಾಳಿಗೆಯಲ್ಲಿ ಎರಡು ಕೋಣೆ, ಹಿಂದೆ ಅಡಿಕೆ ಮತ್ತು ಭತ್ತದ ಮುಡಿ ಇಡುತ್ತಿದ್ದ ಜಾಗ. ಅದನ್ನು ಸುಣ್ಣ ಬಳಿದು, ಒಂದು ಸ್ನಾನದ ಮನೆ ಕಟ್ಟಿಸಿ, 2022ರ ಅಕ್ಟೋಬರಿನಲ್ಲಿ ಬಾಡಿಗೆಗೆ ಇಟ್ಟೆವು. ಮೊಬೈಲಿನಲ್ಲಿ ಕೋಣೆ ಗೊತ್ತುಮಾಡುವ ಒಂದು ಕಂಪೆನಿ ಉಂಟಲ್ಲ, ಅದರಲ್ಲಿ ಮನೆಯ ಫೋಟೋ ಹಾಕಿದ್ದು ನಮ್ಮವರು. ಹೆಸರು ಅವರದ್ದು, ಬ್ಯಾಂಕ್ ಖಾತೆ ಅವರದ್ದು. ‘ಜಿಎಸ್‌ಟಿ ನಂಬರ್ ಇದೆಯೇ?’ ಎಂದು ಅದು ಕೇಳಿತಂತೆ. ಅಂಗಡಿಯದ್ದು ಇತ್ತಲ್ಲ, ದೊಡ್ಡ ಜನ ಎಂದು ತೋರಿಸಲು ಅದನ್ನೇ ಹಾಕಿಬಿಟ್ಟರು. ನಮ್ಮವರಿಗೆ ಕಾರ್ಕಳ ರಸ್ತೆಯಲ್ಲಿ ಪೈಪು, ನಲ್ಲಿ, ಪಂಪು ಮಾರುವ ಸಣ್ಣ ಅಂಗಡಿ.

ಉಳಿದ ಕೆಲಸ ಯಾರದ್ದು ಎಂದು ನಿಮಗೆ ಹೇಳಬೇಕಾ? ಹಾಸಿಗೆ ಬಟ್ಟೆ ಒಗೆಯುವುದು, ಮಳೆಗಾಲವಾದರೆ ಅದನ್ನು ಒಣಗಿಸುವುದು (ಅದೊಂದು ತಪಸ್ಸು), ಬೆಳಿಗ್ಗೆ ಆರೂವರೆಗೆ ನೀರುದೋಸೆಗೆ ಕಾವಲಿ ಇಡುವುದು, ‘ಆಂಟಿ, ಬಿಸಿನೀರು ಬರ್ತಾ ಇಲ್ಲ’ ಎಂದರೆ ಮಾಳಿಗೆ ಹತ್ತುವುದು. ಎರಡು ವರ್ಷ ಹೀಗೇ ನಡೆಯಿತು. ಬಂದ ಹಣ ಅಂಗಡಿಯ ಖಾತೆಗೆ ಬಿದ್ದು, ಅಂಗಡಿಯ ಸಾಮಾನಿನ ಹಣದ ಜೊತೆ ಸೇರಿ, ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ನಮ್ಮವರು ಕುಡಿಯುವವರಲ್ಲ, ಪೋಲು ಮಾಡುವವರಲ್ಲ. ಆದರೆ ಮಗಳ ಹಾಸ್ಟೆಲ್ ಫೀಸಿಗೆ ಹದಿನೆಂಟು ಸಾವಿರ ಬೇಕು ಎಂದಾಗ, ‘ಈ ತಿಂಗಳು ಕಷ್ಟ ಮಾರಾಯ್ತಿ, ಮುಂದಿನ ತಿಂಗಳು ನೋಡುವ’ ಎಂದರು. ಅದೇ ತಿಂಗಳು ಮಾಳಿಗೆಯಲ್ಲಿ ಇಪ್ಪತ್ತು ರಾತ್ರಿ ಜನ ಇದ್ದರು. ನಾನು ಏನೂ ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ಹೋಗಿ ಬಟ್ಟೆ ಕುಕ್ಕಿದೆ.

2024ರಲ್ಲಿ ಅಂಗಡಿಯ ಲೆಕ್ಕ ಬರೆಯುವವರು ಬ್ಯಾಂಕ್ ಪುಸ್ತಕ ನೋಡಿ ಕೇಳಿದರು, ‘ಇದು ಯಾವ ಹಣ?’ ವಿಷಯ ತಿಳಿದ ಮೇಲೆ ಅವರು ತಲೆಗೆ ಕೈ ಕೊಟ್ಟು ಕೂತರು. ಅಂಗಡಿಯ ಜಿಎಸ್‌ಟಿ ನಂಬರ್ ಇರುವವರು ಕೋಣೆ ಬಾಡಿಗೆ ತೆಗೆದುಕೊಂಡರೆ ಆ ಬಾಡಿಗೆಗೂ ತೆರಿಗೆ ಅವರೇ ಕಟ್ಟಬೇಕು. ಬಾಡಿಗೆ ಸಣ್ಣದು, ಮನೆ ನಮ್ಮದೇ ಎಂದೆಲ್ಲ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದೇ ಪಾನ್ ನಂಬರಿನ ಎಲ್ಲ ವ್ಯಾಪಾರವೂ ಒಟ್ಟು ಲೆಕ್ಕ. ಎರಡು ವರ್ಷದಲ್ಲಿ ಬಂದದ್ದು ನಾಲ್ಕೂಕಾಲು ಲಕ್ಷ. ಆಗ ಕೋಣೆಗೆ ತೆರಿಗೆ ಶೇಕಡಾ 12. ಐವತ್ತೊಂದು ಸಾವಿರ, ಅದರ ಮೇಲೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಅತಿಥಿಗಳಿಂದ ಅದನ್ನು ವಸೂಲು ಮಾಡಿರಲಿಲ್ಲವಾದ್ದರಿಂದ ನಮ್ಮ ಕೈಯಿಂದಲೇ ಹೋಯಿತು.

ಆ ರಾತ್ರಿ ದುಬೈಯಿಂದ ನಾದಿನಿಯ ಫೋನು. ಅವಳು ಅಲ್ಲಿ ನರ್ಸ್, ಹದಿನೆಂಟು ವರ್ಷ ಆಯಿತು. ಆಸ್ಪತ್ರೆಯವರು ಕೊಟ್ಟ ಮನೆಯಲ್ಲಿ ವಾಸ. ಉಳಿತಾಯದ ಹಣದಲ್ಲಿ ಒಂದು ಮಲಗುವ ಕೋಣೆಯ ಫ್ಲಾಟ್ ತೆಗೆದುಕೊಂಡಿದ್ದಾಳೆ, ಅದನ್ನು ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡುತ್ತಾಳೆ. ಅಂದರೆ ಅವಳೂ ನಾನೂ ಮಾಡುವುದು ಒಂದೇ ಕಸುಬು. ನಾನು ಅತ್ತುಕೊಂಡೇ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, ‘ಅತ್ತಿಗೆ, ನಿಮ್ಮಲ್ಲಿ ಪರ್ಮಿಟ್ ಯಾರ ಹೆಸರಲ್ಲಿ ಉಂಟು?’

‘ಎಂತ ಪರ್ಮಿಟ್?’ ಎಂದೆ ನಾನು.

ಸೋದರಿಯರೇ, ಅಂದಿನಿಂದ ನಾವಿಬ್ಬರೂ ಶುಕ್ರವಾರ ಶುಕ್ರವಾರ ಫೋನಿನಲ್ಲಿ ಕೂತು ಎರಡು ಊರಿನ ಲೆಕ್ಕ ಹೋಲಿಸಿ ನೋಡಿದ್ದೇವೆ. ನನ್ನ ಹೈಸ್ಕೂಲಿನ ಗಣಿತ ಅಲ್ಲಿಗೇ ನಿಂತದ್ದಾದರೂ ಇಷ್ಟು ಅರ್ಥವಾಗಿದೆ.

ದುಬೈಯಲ್ಲಿ ಇದಕ್ಕೆ ‘ಹಾಲಿಡೇ ಹೋಮ್’ ಎನ್ನುತ್ತಾರೆ. 2013ರಲ್ಲೇ ಇದಕ್ಕೆಂದು ಪ್ರತ್ಯೇಕ ಆಜ್ಞೆ ಆಗಿದೆ. ಅಲ್ಲಿಯ ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯ ಪರ್ಮಿಟ್ ಇಲ್ಲದೆ ಒಂದು ರಾತ್ರಿಯೂ ಯಾರನ್ನೂ ಇಳಿಸುವ ಹಾಗಿಲ್ಲ. ಪರ್ಮಿಟ್ ಮನೆಯ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರಿಗೆ. ಬಾಡಿಗೆ ಮನೆಯಾದರೆ ಧಣಿಯ ಒಪ್ಪಿಗೆ ಪತ್ರ ಬೇಕು. ಬೆಂಕಿ ನಂದಿಸುವ ಸಿಲಿಂಡರ್, ಹೊಗೆ ಬಂದರೆ ಕೂಗುವ ಯಂತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಬಂದ ಅತಿಥಿಯ ಪಾಸ್‌ಪೋರ್ಟ್ ವಿವರ ಇಲಾಖೆಗೆ ಹೋಗಬೇಕು. ಮನೆಯನ್ನು ಸಾಧಾರಣ, ಡಿಲಕ್ಸ್ ಎಂದು ಎರಡು ದರ್ಜೆ ಮಾಡಿದ್ದಾರೆ. ಸಾಧಾರಣಕ್ಕೆ ಒಂದು ಮಲಗುವ ಕೋಣೆಗೆ ರಾತ್ರಿಗೆ 10 ದಿರ್ಹಂ, ಡಿಲಕ್ಸ್‌ಗೆ 15. ಇದಕ್ಕೆ ‘ಟೂರಿಸಂ ದಿರ್ಹಂ’ ಎಂದೇ ಹೆಸರು. ಅತಿಥಿಯಿಂದ ತೆಗೆದು ಇಲಾಖೆಗೆ ಕಟ್ಟುವುದು.

ಅದಲ್ಲದೆ 2018ರ ಜನವರಿಯಿಂದ ಅಲ್ಲಿ ಶೇಕಡಾ 5 ವ್ಯಾಟ್ ಉಂಟು. ಆದರೆ ವರ್ಷಕ್ಕೆ 3,75,000 ದಿರ್ಹಂ ದಾಟಿದ ವ್ಯಾಪಾರಕ್ಕೆ ಮಾತ್ರ ಅದರ ನೋಂದಣಿ ಕಡ್ಡಾಯ. ನಾದಿನಿ ರಾತ್ರಿಗೆ 300 ದಿರ್ಹಂ ತೆಗೆದುಕೊಳ್ಳುತ್ತಾಳೆ, ವರ್ಷದಲ್ಲಿ 200 ರಾತ್ರಿ ಜನ ಇದ್ದರೆ 60,000 ದಿರ್ಹಂ. ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ. ಸಂಬಳಕ್ಕಾಗಲಿ ಇಂಥ ಬಾಡಿಗೆಗಾಗಲಿ ಅಲ್ಲಿ ಆದಾಯ ತೆರಿಗೆ ಇಲ್ಲ. ಹಾಗಾಗಿ 200 ರಾತ್ರಿಗೆ 2,000 ಟೂರಿಸಂ ದಿರ್ಹಂ, ನಮ್ಮ ಹಣದಲ್ಲಿ ಹೆಚ್ಚುಕಡಿಮೆ ನಲವತ್ತೆಂಟು ಸಾವಿರ, ಅತಿಥಿ ಕೊಟ್ಟದ್ದು ಇಲಾಖೆಗೆ. ಪರ್ಮಿಟ್‌ಗೆ ಪ್ರತಿವರ್ಷದ ಶುಲ್ಕ ಬೇರೆ.

ಈಗ ನಮ್ಮ ಉಡುಪಿಗೆ ಬನ್ನಿ. ಇಲ್ಲಿ ರಾತ್ರಿಗೆ ಇಷ್ಟು ಎಂದು ಲೆಕ್ಕ ಹಾಕುವ ತೆರಿಗೆ ಇಲ್ಲ. ಹಿಂದೆ ಹೋಟೆಲುಗಳಿಗೆ 1979ರ ಕಾನೂನಿನ ಲಕ್ಸುರಿ ಟ್ಯಾಕ್ಸ್ ಇತ್ತು, 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದು ಹೋಯಿತು. ಸಾವಿರ ರೂಪಾಯಿ ಒಳಗಿನ ಕೋಣೆಗೆ ಮೊದಲು ಜಿಎಸ್‌ಟಿಯೂ ಇರಲಿಲ್ಲ, 2022ರ ಜುಲೈ 18ರಿಂದ ಶೇಕಡಾ 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಅದು ಶೇಕಡಾ 5ಕ್ಕೆ ಇಳಿದಿದೆ. ನೋಡಿ, ದುಬೈಯಲ್ಲೂ ಐದು, ಪಡುಬಿದ್ರಿಯಲ್ಲೂ ಐದು! ಇದನ್ನು ಕೇಳಿ ನಾದಿನಿ ‘ಹಾಗಾದರೆ ನಾನು ಇಷ್ಟು ದೂರ ಬಂದದ್ದೇ ದಂಡ’ ಎಂದು ನಕ್ಕಳು.

ಮುಖ್ಯ ವಿಷಯ ಇನ್ನು ಮುಂದೆ ಉಂಟು, ಒಲೆ ಸಣ್ಣ ಮಾಡಿ ಬಂದು ಓದಿ. ನಮ್ಮ ರಾಜ್ಯದಲ್ಲಿ ಇಂಥ ಸೇವೆಯ ವ್ಯಾಪಾರ ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನಂಬರ್ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ನಮ್ಮ ಎರಡು ಕೋಣೆಗೆ ತಲಾ 1,500ರಂತೆ ವರ್ಷದ 365 ದಿನವೂ ಜನ ಬಂದರೂ ಆಗುವುದು 10,95,000. ನಾಲ್ಕು ತಿಂಗಳ ಮಳೆಗಾಲದಲ್ಲಿ ಕಪ್ಪೆ ಬಿಟ್ಟರೆ ಯಾರೂ ಬರುವುದಿಲ್ಲವಾದ್ದರಿಂದ ಅಷ್ಟೂ ಇಲ್ಲ. ನಂಬರ್ ಇಲ್ಲದವರ ಕೋಣೆಯನ್ನು ಮೊಬೈಲ್ ಕಂಪೆನಿಯ ಮೂಲಕ ಗೊತ್ತುಮಾಡಿದರೆ, ಆ ಶೇಕಡಾ 5ನ್ನು ಕಂಪೆನಿಯೇ ಅತಿಥಿಯಿಂದ ತೆಗೆದು ಸರಕಾರಕ್ಕೆ ಕಟ್ಟಬೇಕು ಎಂದು ಜಿಎಸ್‌ಟಿ ಕಾನೂನಿನಲ್ಲೇ ಉಂಟು. ಅತಿಥಿ ನೇರ ಫೋನು ಮಾಡಿ ಬಂದರೆ ಅದೂ ಇಲ್ಲ. ಅಂದರೆ ಅಂದು ನಮ್ಮವರ ಅಂಗಡಿ ನಂಬರಿನ ಬದಲು ನಂಬರ್ ಇಲ್ಲದ ನನ್ನ ಹೆಸರನ್ನು ಬರೆದಿದ್ದರೆ ಆ ಐವತ್ತೊಂದು ಸಾವಿರ ನಮ್ಮ ಕೈಬಿಟ್ಟು ಹೋಗುತ್ತಲೇ ಇರಲಿಲ್ಲ! ಇದನ್ನು ಲೆಕ್ಕದವರು ಹೇಳಿದಾಗ ನಮ್ಮವರು ಪಂಪಿನ ಡಬ್ಬ ನೋಡುತ್ತಾ ಕೂತರು.

ಇನ್ನೊಂದು ಎಚ್ಚರಿಕೆ. ಯಾರೋ ಹೇಳಿದರು ಎಂದು ಉತ್ಸಾಹದಲ್ಲಿ ನೀವು ಜಿಎಸ್‌ಟಿ ನಂಬರ್ ಮಾಡಿಸಿಕೊಳ್ಳಬೇಡಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿರುವ ಮನೆಯಾದರೆ ನೆನಪಿಡಿ, ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೋ ಆದರೆ ಆ ಹಣ ಇಲ್ಲ. ನಮ್ಮ ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯವರು. ‘ಹಾಗಾದರೆ ಅಮ್ಮನ ಹೆಸರಿನಲ್ಲೇ ಮಾಡುವ’ ಎಂದು ನಮ್ಮವರು ಬಾಯಿ ತೆರೆದದ್ದೇ ತಡ, ಎಪ್ಪತ್ತೆಂಟು ವರ್ಷದ ಅತ್ತೆ ಒಳಗಿನಿಂದ ಕೂಗಿದರು, ‘ನನ್ನ ಎರಡು ಸಾವಿರಕ್ಕೆ ಯಾರಾದರೂ ಕೈಹಾಕಿದರೆ ನೋಡಿ!’ ಇಪ್ಪತ್ತು ಲಕ್ಷದ ಒಳಗೆ ನಂಬರೇ ಬೇಡ, ಹಣ ನಿಲ್ಲುವುದಿಲ್ಲ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ನನಗೂ ಒಳಗೊಳಗೇ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನ ಹೆಸರಿನಲ್ಲಿ ಮಾಡುವುದಕ್ಕೆ ಮನೆ ನನ್ನದಲ್ಲವಲ್ಲ. ಇಲ್ಲೇ ನಮಗೂ ನಾದಿನಿಗೂ ಇರುವ ದೊಡ್ಡ ವ್ಯತ್ಯಾಸ ಕಂಡದ್ದು. ಅವಳ ಫ್ಲಾಟ್ ಅವಳ ಹೆಸರಲ್ಲಿ, ಪರ್ಮಿಟ್ ಅವಳ ಹೆಸರಲ್ಲಿ, ಹಣ ಅವಳ ಖಾತೆಗೆ. ತಿಂಗಳ ಕೊನೆಯಲ್ಲಿ ಅವಳ ಗಂಡನೇ ‘ಕಾರಿನ ಕಂತಿಗೆ ಸ್ವಲ್ಪ ಕೊಡು’ ಎಂದು ಕೇಳಬೇಕು. ನಮ್ಮಲ್ಲಿ ಮನೆಯ ‘ನೈನ್ ಇಲೆವೆನ್’ ಅತ್ತೆಯ ಹೆಸರಲ್ಲಿ, ಕರೆಂಟು ಬಿಲ್ಲು ತೀರಿಹೋದ ಮಾವನ ಹೆಸರಲ್ಲಿ, ಗ್ಯಾಸು ನಮ್ಮವರ ಹೆಸರಲ್ಲಿ. ನನ್ನ ಹೆಸರಲ್ಲಿ ಇರುವುದು ಕುಕ್ಕರಿನ ಗ್ಯಾರಂಟಿ ಕಾರ್ಡು ಮಾತ್ರ. ಪಂಚಾಯತಿನ ಇ-ಸ್ವತ್ತು ದಾಖಲೆ, ಅಂದರೆ ಫಾರಂ 9 ಮತ್ತು 11, ಇಲ್ಲದೆ ನಮ್ಮ ಹಳ್ಳಿಗಳಲ್ಲಿ ಮನೆಯ ಯಾವ ಕಾಗದವೂ ಮುಂದೆ ಹೋಗುವುದಿಲ್ಲ ಎಂದು ನಿಮಗೆಲ್ಲ ಗೊತ್ತೇ ಉಂಟು.

ಗಂಡನ ಹೆಸರಲ್ಲಿ ಮನೆ ಇದ್ದವರು ‘ನನ್ನ ಹೆಸರಿಗೆ ಬರೆದುಕೊಡಿ, ತೆರಿಗೆ ಉಳಿಯುತ್ತದೆ’ ಎಂದು ಹಟ ಮಾಡಲು ಹೊರಟರೆ, ಅದು ಹಾಗಲ್ಲ. ಗಂಡ ಹೆಂಡತಿಗೆ ದಾನವಾಗಿ ಮನೆ ಬರೆದರೂ ಅದರ ಬಾಡಿಗೆ ಆದಾಯ ತೆರಿಗೆಯಲ್ಲಿ ಗಂಡನ ಲೆಕ್ಕಕ್ಕೇ ಸೇರುತ್ತದೆ. ಅತ್ತೆ ಸೊಸೆಗೆ ದಾನ ಕೊಟ್ಟರೂ ಹಾಗೆಯೇ, ಅತ್ತೆಯ ಲೆಕ್ಕಕ್ಕೆ. ಅದೃಷ್ಟಕ್ಕೆ ಸಣ್ಣ ಕುಟುಂಬಗಳಿಗೆ ಈಗ ಆ ಹೆದರಿಕೆ ಕಡಿಮೆ. 2025ರ ಏಪ್ರಿಲಿನಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. 4 ಲಕ್ಷ ದಾಟಿದರೆ ರಿಟರ್ನ್ ಮಾತ್ರ ಸಲ್ಲಿಸಲೇಬೇಕು.

ನಾವು ಮಾಡಿದ್ದು ಇಷ್ಟು. ಮನೆ ಅತ್ತೆಯದ್ದೇ, ಕೋಣೆ ನಡೆಸುವವಳು ಸೊಸೆ ಎಂದು ಸ್ಟಾಂಪ್ ಪೇಪರಿನಲ್ಲಿ ಒಂದು ಒಪ್ಪಂದ. ವಕೀಲರು ಒಂದು ಪುಟದಲ್ಲಿ ಬರೆದುಕೊಟ್ಟರು. ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಎರಡು ತಿಂಗಳು ಬೇಕಾಯಿತು. ಮುಂಬಯಿಯಲ್ಲಿರುವ ಮೈದುನನಿಗೆ ಸಂಶಯ, ‘ಅತ್ತಿಗೆ ಮನೆಯನ್ನೇ ಹೊಡೆದುಕೊಳ್ಳುತ್ತಾರೋ ಏನೋ’ ಎಂದು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಫೋನು ತೆಗೆಯುವುದು ನಿಲ್ಲಿಸಿದರು. ನಮ್ಮವರೂ ‘ಯಾಕೆ ಇದೆಲ್ಲ, ನಾನು ಕೊಡುವುದಿಲ್ಲವಾ ನಿನಗೆ?’ ಎಂದು ಮುಖ ಊದಿಸಿದರು. ಕೊಡುವುದಿಲ್ಲ ಎಂದು ನಾನು ಯಾವಾಗ ಹೇಳಿದೆ? ಕೇಳಬೇಕಲ್ಲ, ಅದೇ ಕಷ್ಟ.

ಆಗ ನಾದಿನಿಯೇ ಮೂವರನ್ನೂ ಒಟ್ಟಿಗೆ ಫೋನಿನಲ್ಲಿ ಹಿಡಿದಳು. ‘ಅಮ್ಮನ ನಂತರ ಆ ಮಾಳಿಗೆಯಲ್ಲಿ ನಿಮ್ಮಿಬ್ಬರಿಗೆ ಎಷ್ಟು ಪಾಲು ಉಂಟೋ ನನಗೂ ಅಷ್ಟೇ ಉಂಟು. ನಾನೇನೂ ಬಿಟ್ಟುಕೊಡುವುದಿಲ್ಲ. ಆದರೆ ಬೆಡ್‌ಶೀಟ್ ಒಗೆದವರು ಅತ್ತಿಗೆ. ಮನೆಯ ಪಾಲು ಬೇರೆ, ಒಗೆದ ಕೂಲಿ ಬೇರೆ’ ಎಂದಳು. ಅತ್ತೆ ಆ ಹೊತ್ತಿಗೆ ಬಾಯಿಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಉಗಿದು ಬಂದು, ‘ಪೆನ್ನು ಎಲ್ಲಿ?’ ಎಂದರು.

ಬ್ಯಾಂಕಿನಲ್ಲಿ ನನ್ನದೇ ಖಾತೆ, ನನ್ನದೇ ಪಾನ್. ಹಳೆಯ ಹೆಸರು ತೆಗೆಸಿ ಕಂಪೆನಿಯಲ್ಲಿ ನನ್ನ ಹೆಸರು ಹಾಕಿಸಿದ್ದಾಯಿತು. ಟೈಲರಿಂಗ್ ಮಾಡುವವರೋ ಊಟ ಕಳಿಸುವವರೋ ನೀವಾಗಿದ್ದರೆ ಆ ಹಣವೂ ಇದೇ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ ಎಂಬುದು ತಿಳಿದಿರಲಿ, ಆದರೂ ನಮ್ಮಂಥವರು ದಾಟುವುದು ಕನಸಿನ ಮಾತು.

ಇನ್ನು ನೋಂದಣಿ. ದುಬೈಯಲ್ಲಿ ಎಲ್ಲ ಒಂದೇ ಕಿಟಕಿಯಲ್ಲಿ, ಅದೂ ಕಂಪ್ಯೂಟರಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಪಂಚಾಯತು ಬೇರೆ, ಪೊಲೀಸರು ಬೇರೆ, ಪ್ರವಾಸೋದ್ಯಮ ಇಲಾಖೆ ಬೇರೆ. ಪಡುಬಿದ್ರಿಯಿಂದ ಮಣಿಪಾಲದ ರಜತಾದ್ರಿಗೆ ಎರಡು ಬಸ್ಸು. ಹೋಗುವಾಗ ಎಲ್ಲ ಕಾಗದದ ಮೂರು ಮೂರು ಜೆರಾಕ್ಸ್ ಮತ್ತು ಒಂದು ಬಾಟ್ಲಿ ನೀರು ಇರಲಿ. ಬೇಸರ ಬರುತ್ತದೆ ನಿಜ, ಆದರೆ ಪೊಲೀಸರ ಪುಸ್ತಕದಲ್ಲಿ ನಮ್ಮ ಮನೆಯ ಹೆಸರು ಇರುವುದು ನಮಗೇ ಒಳ್ಳೆಯದು. 2025ರ ಮಾರ್ಚಿನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರ ಕೆರೆಯ ಹತ್ತಿರ ಹೋಮ್‌ಸ್ಟೇ ನಡೆಸುವ ಹೆಣ್ಣುಮಗಳ ಮೇಲೂ ಅತಿಥಿಗಳ ಮೇಲೂ ನಡೆದ ಕ್ರೌರ್ಯ ಓದಿದ ಮೇಲೆ ನಮ್ಮವರು ತಾವೇ ಮುಂದೆ ನಿಂತು ಮೆಟ್ಟಿಲಿಗೆ ದೀಪ, ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು. ವಿದೇಶದವರು ಇಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರಕಾರಕ್ಕೆ ಕಂಪ್ಯೂಟರಿನಲ್ಲಿ ಕಳಿಸಬೇಕು, ಅದಕ್ಕೆ ‘ಸಿ ಫಾರಂ’ ಎಂದು ಹೇಳುವ ರೂಢಿ. ಮರೆತರೆ ತೊಂದರೆ ಅತಿಥಿಗಲ್ಲ, ಮನೆಯವರಿಗೆ. ನಮ್ಮವರಾದರೂ ಪ್ರತಿಯೊಬ್ಬರ ಆಧಾರ್ ಪ್ರತಿ ತೆಗೆದಿಡಿ, ನಾಚಿಕೆ ಬೇಡ. ನಾದಿನಿ ಅಲ್ಲಿ ಪಾಸ್‌ಪೋರ್ಟ್ ಇಲ್ಲದೆ ಬೀಗದ ಕೈಯನ್ನೇ ಕೊಡುವುದಿಲ್ಲ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಒಂದು ಯೋಜನೆಯೂ ಉಂಟು, ಒಂದರಿಂದ ಆರು ಕೋಣೆವರೆಗೆ, ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆ. ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು ಎಂಬುದು ಅದರ ಷರತ್ತು. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ದಿನದ ಬಾಡಿಗೆಗೆ ಹಾಗೆಯೇ ಮಾಡಿದ್ದಾರೆ, ಮನೆಯವರು ಮನೆಯಲ್ಲಿರಬೇಕು, ಅತಿಥಿ ಇಬ್ಬರೇ. ಸ್ಪೇನಿನ ಬಾರ್ಸಿಲೋನಾದಲ್ಲಿ ಊರಿನವರಿಗೇ ಬಾಡಿಗೆ ಮನೆ ಸಿಗದೆ ಹೋಗಿ, ಇಂಥ ಫ್ಲಾಟುಗಳ ಹತ್ತು ಸಾವಿರ ಪರವಾನಗಿಯನ್ನು 2028ಕ್ಕೆ ಮುಗಿಸುತ್ತೇವೆ ಎಂದು ಹೇಳಿದ್ದಾರೆ. ಮಣಿಪಾಲದಲ್ಲಿ ಮಗಳಿಗೆ ಕೋಣೆ ಹುಡುಕಿದ ತಾಯಂದಿರಿಗೆ ಬಾರ್ಸಿಲೋನಾದವರ ಸಂಕಟ ಬೇಗ ಅರ್ಥವಾದೀತು.

ಕಡಲ ಕರೆಯಲ್ಲೇ ಮನೆ ಇರುವ ಮೊಗವೀರ ಸೋದರಿಯರು ಒಂದು ತಿಳಿದಿರಬೇಕು. ಸಮುದ್ರದ ಹತ್ತಿರ ಹೊಸದಾಗಿ ಕಟ್ಟಲು ಸಿಆರ್‌ಝಡ್ ಬಿಡುವುದಿಲ್ಲ. ಆದರೆ ಮೀನುಗಾರರೂ ಸ್ಥಳೀಯರೂ ಇದ್ದ ಮನೆಯ ಅಡಿಪಾಯ, ವಿನ್ಯಾಸ, ಮುಖ ಬದಲಿಸದೆ ಅತಿಥಿಗಳನ್ನು ಇಳಿಸಿಕೊಳ್ಳಲು 2019ರ ಅಧಿಸೂಚನೆಯಲ್ಲಿ ಅವಕಾಶ ಉಂಟು. ‘ಮುಂದೆ ಒಂದು ಸಣ್ಣ ಜಗಲಿ ಎಳೆಯುವ’ ಎಂದು ಯಾರಾದರೂ ಮೇಸ್ತ್ರಿ ಹೇಳಿದರೆ ಕಿವಿ ಕೊಡಬೇಡಿ.

ತೆರಿಗೆಗಿಂತ ಹೆಚ್ಚು ಹಣ ಸೋರುವುದು ಅಡುಗೆಮನೆಯಲ್ಲಿ ಮತ್ತು ಮೀಟರಿನಲ್ಲಿ. ಹಣ ತೆಗೆದುಕೊಂಡು ಅಡುಗೆ ಮಾಡಿ ಬಡಿಸುವುದಕ್ಕೆ ಮನೆಯ 14.2 ಕೆಜಿ ಸಿಲಿಂಡರ್ ಉಪಯೋಗಿಸುವ ಹಾಗಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರೇ ಬೇಕು. ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ಗೃಹಜ್ಯೋತಿ ಇರುವವರು ಇನ್ನೂ ಜಾಗ್ರತೆ, 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲೇ ನಮ್ಮದು. ಮೇ ತಿಂಗಳಲ್ಲಿ ಅತಿಥಿಗಳು ಎಸಿ ಹಾಕಿ ಕಡಲಿಗೆ ಹೋದರೆ ಎಷ್ಟು ಯೂನಿಟ್ ಓಡುತ್ತದೆ ಎಂದು ಒಮ್ಮೆ ಮೀಟರಿನ ಮುಂದೆ ನಿಂತು ನೋಡಿದ್ದೇನೆ, ಎದೆ ಹೊಡೆದುಕೊಂಡಿತು. ಕೋಣೆಗೆ ಕೊಡುವ ಮೊದಲೇ ಮೆಸ್ಕಾಂ ಕಚೇರಿಯಲ್ಲಿ ನಿಮ್ಮ ಮೀಟರು ಯಾವ ದರಕ್ಕೆ ಬರುತ್ತದೆ ಎಂದು ಕೇಳಿ ಬರವಣಿಗೆಯಲ್ಲಿ ತನ್ನಿ. ಬಾಡಿಗೆ ಎಷ್ಟು ಎಂದು ನಿರ್ಧರಿಸುವುದು ಆಮೇಲೆ. ನಾವು ಮೊದಲು ಬಾಡಿಗೆ ಹೇಳಿ ಆಮೇಲೆ ಖರ್ಚು ನೋಡಿದವರು.

ಈ 2026ರ ಜನವರಿ 18ರ ಶೀರೂರು ಮಠದ ಪರ್ಯಾಯಕ್ಕೆ ಉಡುಪಿಯಲ್ಲಿ ಕೋಣೆ ಸಿಗದೆ ಜನ ನಮ್ಮಲ್ಲಿಯವರೆಗೆ ಬಂದರು. ಐದು ದಿನ ಎರಡೂ ಕೋಣೆ ಭರ್ತಿ. ಆ ತಿಂಗಳು ಮಗಳ ಫೀಸು ನಾನೇ ಕಟ್ಟಿದೆ. ಕಟ್ಟಿದ ರಸೀದಿಯನ್ನು ನಮ್ಮವರ ಅಂಗಡಿಯ ಮೇಜಿನ ಮೇಲೆ ಇಟ್ಟು ಬಂದೆ, ಏನೂ ಹೇಳಲಿಲ್ಲ. ಅವರೂ ಏನೂ ಹೇಳಲಿಲ್ಲ, ಸಂಜೆ ಬರುವಾಗ ಮಾಳಿಗೆಯ ನಲ್ಲಿಗೆ ಹೊಸ ವಾಷರು ತಂದಿದ್ದರು. ಮೂರು ತಿಂಗಳಿಂದ ಸೋರುತ್ತಿದ್ದ ನಲ್ಲಿ ಅದು. ಮೈದುನ ಇನ್ನೂ ಫೋನು ತೆಗೆಯುವುದಿಲ್ಲ.

ಕಾರ್ಕಳದ ಸೋದರಿಗೆ: ನಿಮ್ಮ ಯಜಮಾನರಿಗೆ ಜಿಎಸ್‌ಟಿ ನಂಬರ್ ಉಂಟೋ ಇಲ್ಲವೋ ಮೊದಲು ಕೇಳಿ ನೋಡಿ. ಉಂಟು ಎಂದಾದರೆ ಕೋಣೆಯ ವ್ಯವಹಾರ ಅವರ ಪಾನ್‌ನಲ್ಲಿ ಬೇಡ. ಇಲ್ಲ ಎಂದಾದರೂ, ಬೆಳಿಗ್ಗೆ ಕಾವಲಿ ಇಡುವವರು ಯಾರು ಎಂದು ಇಬ್ಬರೂ ಕೂತು ಮಾತಾಡಿಕೊಳ್ಳಿ.

ಅತ್ತೆಯ ಒಪ್ಪಂದದಲ್ಲಿ ಬಂದ ಬಾಡಿಗೆಯ ಕಾಲು ಭಾಗ ಅವರಿಗೆ ಎಂದು ಬರೆದಿದೆ. ಅವರಿಗೆ ನನ್ನ ಪುಸ್ತಕದ ಮೇಲೆ ನಂಬಿಕೆ ಸಾಲದು. ಅತಿಥಿ ಇದ್ದ ರಾತ್ರಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ಹೋದ ತಿಂಗಳು ಅವರ ಗೆರೆ ಹನ್ನೊಂದು, ನನ್ನ ಪುಸ್ತಕದಲ್ಲಿ ಹತ್ತು. ಹುಡುಕಿದರೆ ಅವರೇ ಸರಿ. ಒಂದು ರಾತ್ರಿ ಬರೆಯಲು ನಾನು ಮರೆತಿದ್ದೆ.

ಮುಂದಿನ ಸಂಚಿಕೆಯಲ್ಲಿ ಪತ್ರೊಡೆ. ಕೆಸುವಿನ ಎಲೆ ತುರಿಸದ ಹಾಗೆ ಮಾಡುವುದು ಹೇಗೆ ಎಂದು ಕಾಪುವಿನಿಂದ ಇಬ್ಬರು ಕೇಳಿದ್ದಾರೆ, ಈ ಸಲ ಅದಕ್ಕೆ ಜಾಗ ಉಳಿಯಲಿಲ್ಲ.